ಹಾಡು ಮರೆತ ಅರಮನೆಯಲ್ಲಿ ರಾಜ ರಾಣಿ

ಘಾಟ್ಕೋಪರಿನ ಆ ಬಿಲ್ಡಿಂಗಿನ ಎರಡನೇ ಮಹಡಿಯ ಮನೆಯಲ್ಲಿ ಹಾಲು ಉಕ್ಕದ ದಿನ ಯಾವುದೆಂದರೆ, ಹಾಲಿನ ಭಯ್ಯಾ ಬಾರದ ದಿನ. ಹಾಲನ್ನು ಒಲೆಗಿಟ್ಟು ಸುಮಿತ್ರಾ ಅದರ ಮುಂದೆಯೇ ನಿಂತಿರುತ್ತಿದ್ದಳು, ಅದಕ್ಕೆ ಅವಳ ಗಂಡ ಸತ್ಯಮೂರ್ತಿಯೇ ಸಾಕ್ಷಿ. ಆದರೆ ನಿಂತಿರುತ್ತಿದ್ದದ್ದು ಬರೀ ಸೀರೆ ಉಟ್ಟ ದೇಹ. ಮನಸ್ಸು ಕಿಟಕಿ ದಾಟಿ, ಪೈಪಿನ ಮೇಲೆ ಕೂತ ಪಾರಿವಾಳದ ಸಂಸಾರವನ್ನು ವಿಚಾರಿಸಿಕೊಂಡು, ಅಲ್ಲಿಂದ ಲೋಕಲ್ ಹತ್ತಿ ಎಲ್ಲಿಗೋ ಹೊರಟುಬಿಡುತ್ತಿತ್ತು. ಸುಟ್ಟ ವಾಸನೆ ಬಂದಾಗ ವಾಪಸು ಬರುತ್ತಿತ್ತು.

ಕೊನೆಗೆ ಅವಳೇ ಒಂದು ಉಪಾಯ ಕಂಡುಕೊಂಡಳು. ಅಜ್ಜಿಯ ತೊಡೆಯ ಮೇಲೆ ಕಥೆ ಕೇಳಿ ಬೆಳೆದವಳು ಅವಳು. ಮಾಡಬೇಕಾದ ಕೆಲಸ ನೆನಪಿನಲ್ಲಿ ಉಳಿಯುತ್ತಿರಲಿಲ್ಲ, ಆದರೆ ಕಥೆ ಹೇಳುತ್ತಿರುವಷ್ಟು ಹೊತ್ತು ಮನಸ್ಸು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಹಾಗಾಗಿ ಎಲ್ಲ ಕೆಲಸಕ್ಕೂ ಒಂದೊಂದು ಕಥೆ ಕಟ್ಟಿದಳು.

"ಒಂದಾನೊಂದು ಪಾತ್ರೆಯಲ್ಲಿ ಹಾಲರಾಯ ಅಂತ ಒಬ್ಬ ಮುಂಗೋಪಿ ಇದ್ದನಂತೆ. ಕೆಳಗಿಂದ ಬಿಸಿ ಮುಟ್ಟಿದರೆ ಸಾಕು, ಬಿಳೀ ರುಮಾಲು ಎತ್ತಿಕೊಂಡು ಜಗಳಕ್ಕೆ ಹೊರಗೆ ಬರ್ತಿದ್ದ…"

ಮಕ್ಕಳಿಬ್ಬರೂ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅರ್ಧ ದಿನ ಸುಮಿತ್ರಾ ಗೆಲ್ಲುತ್ತಿದ್ದಳು. ಉಳಿದರ್ಧ ದಿನ ಕಥೆ ಬಹಳ ಚೆನ್ನಾಗಿ ಬಂದು, ಹಾಲರಾಯ ಗೆಲ್ಲುತ್ತಿದ್ದ.

ಮಕ್ಕಳೂ ಅಮ್ಮನಿಗೆ ತಕ್ಕವರೇ. ಹತ್ತು ವರ್ಷದ ಸರಸ್ವತಿ, ಅಂದರೆ ಸರಸಿ, ಬೆಳ್ಳಗಿರುವುದನ್ನು ಮಾತ್ರ ತಿನ್ನುತ್ತಿದ್ದಳು. ಅನ್ನ, ಮೊಸರು, ಇಡ್ಲಿ, ಕೊಬ್ಬರಿ. ತಟ್ಟೆಯಲ್ಲಿ ಸಾರಿನ ಒಂದು ಹನಿ ಕಂಡರೆ ಊಟ ಬಂದ್. ನಡೆಯುವಾಗ ನೆಲದ ಕಪ್ಪು ಚೌಕಗಳ ಮೇಲೆ ಮಾತ್ರ ಕಾಲಿಡುತ್ತಿದ್ದಳು. ಕುಕ್ಕರ್ ಕೂಗುವ ಮೊದಲೇ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದಳು. ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಅವಳ ತಲೆಯಿಂದ ಹೊರಗೆ ಹೋದದ್ದೇ ಇಲ್ಲ. ಅಮ್ಮ ಹೇಳಿ ಮರೆತ ಕಥೆಗಳೆಲ್ಲ ಅವಳಲ್ಲಿ ಅಕ್ಷರ ಬಿಡದೆ ಇರುತ್ತಿದ್ದವು.

ಏಳು ವರ್ಷದ ನಂಜುಂಡನಿಗೆ ಮೊದಲು ಕಾಲು ಹುಟ್ಟಿ ಆಮೇಲೆ ಅವನು ಹುಟ್ಟಿರಬೇಕು. ಸ್ಕೂಲಿನ ಟೀಚರ್ ಒಮ್ಮೆ ಸುಮಿತ್ರಾಳನ್ನು ಕರೆಸಿ, "ಮಿಸೆಸ್ ಮೂರ್ತಿ, ಆಪ್ ಕಾ ಬೇಟಾ ಬೆಂಚ್ ಪರ್ ನಹೀ ಬೈಠತಾ, ಬೆಂಚ್ ಕೇ ಆಸ್‌ಪಾಸ್ ರಹತಾ ಹೈ" ಎಂದಿದ್ದರು. ಅಂದರೆ, ಬೆಂಚಿನ ಮೇಲೆ ಕೂರುವುದಿಲ್ಲ, ಅದರ ಸುತ್ತಮುತ್ತ ಇರುತ್ತಾನೆ. ಸುಮಿತ್ರಾ ಗಂಭೀರವಾಗಿ ತಲೆಯಾಡಿಸುತ್ತ ಗೋಡೆಯ ಮೇಲಿನ ತಿಮಿಂಗಿಲದ ಚಾರ್ಟ್ ನೋಡುತ್ತಿದ್ದಳು. ಟೀಚರ್ ಮಾತು ಮುಗಿಸಿದಾಗ, "ಇದಕ್ಕೆ ಹೊಕ್ಕುಳು ಇರುತ್ತಾ ಟೀಚರ್?" ಎಂದು ಕೇಳಿದಳು. ಆಮೇಲೆ ಟೀಚರ್ ಅವಳನ್ನು ಕರೆಸಲಿಲ್ಲ.

ಇಂಥದ್ದಕ್ಕೊಂದು ಹೆಸರಿದೆಯೆಂದು ಆಗ ಆ ಬಿಲ್ಡಿಂಗಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಅವರವರಿಗೆ ತೋಚಿದ ಹೆಸರಿಟ್ಟಿದ್ದರು. ಕೆಳಗಿನ ಮನೆಯ ಬೆಳಗಾವಿ ಕಡೆಯ ನಾಗವ್ವ, "ಮೂರೂ ಮಂದಿ ತಲಿಯಾಗ ಮೂರು ನಮೂನಿ ಗಿರಣಿ ಅದಾವ" ಎನ್ನುತ್ತಿದ್ದಳು. ಸತ್ಯಮೂರ್ತಿ ಮಾತ್ರ ಯಾವ ಹೆಸರನ್ನೂ ಇಡದೆ ಮನೆಯ ಬೀಗದ ಕೈಗೆ ನಾಲ್ಕು ನಕಲು ಮಾಡಿಸಿದ. ನಾಲ್ಕೂ ಈಗ ನಾಗವ್ವನ ಮನೆಯ ಮೊಳೆಯಲ್ಲಿ ನೇತಾಡುತ್ತಿದ್ದವು.

ಮೈಸೂರಿನ ಅತ್ತೆ ಪುಟ್ಟಲಕ್ಷ್ಮಮ್ಮನಿಗೆ ಇದೆಲ್ಲ ಸಹಿಸಲಾಗುತ್ತಿರಲಿಲ್ಲ. ಬೇಸಿಗೆಯಲ್ಲಿ ಬಂದಾಗ, ನಂಜು ಅವರ ಜಪಮಣಿಯನ್ನು ಬುಗುರಿಗೆ ಸುತ್ತಿದ್ದನ್ನು ನೋಡಿ ಖಡಾಖಂಡಿತವಾಗಿ ಹೇಳಿದ್ದರು:

"ನೋಡಮ್ಮ ಸುಮಿತ್ರಾ, ನಿನಗೆ ನಿನ್ನನ್ನೇ ನೋಡಿಕೊಳ್ಳಕ್ಕೆ ಒಬ್ಬರು ಬೇಕು. ನವರಾತ್ರಿಗೆ ಬರ್ತೀನಿ. ಪಾಡ್ಯದ ದಿನ ನಾನು ಬರೋ ಹೊತ್ತಿಗೆ ಪಟ್ಟದ ಗೊಂಬೆ ಶಾಸ್ತ್ರೋಕ್ತವಾಗಿ ಕೂತಿರಬೇಕು. ಇದ್ದರೆ, ನಿನಗೆ ಮನೆ ನಡೆಸಕ್ಕೆ ಬರುತ್ತೆ ಅಂತ ಒಪ್ಕೋತೀನಿ. ಇಲ್ಲದಿದ್ದರೆ ನಂಜುನ ನನ್ನ ಜೊತೆ ಮೈಸೂರಿಗೆ ಕರ್ಕೊಂಡು ಹೋಗಿ ಅಲ್ಲೇ ಸ್ಕೂಲಿಗೆ ಹಾಕ್ತೀನಿ. ಕೂರೋದು ಹೇಗೆ ಅಂತ ನಾನು ಕಲಿಸ್ತೀನಿ."

ಬರೀ ಬಾಯಿಮಾತಲ್ಲ. ವಾಪಸು ಹೋಗುವ ರೈಲಿಗೆ ಅವರು ತಮಗೊಂದು ಪೂರ್ತಿ ಟಿಕೆಟ್, ನಂಜುಗೆ ಒಂದು ಅರ್ಧ ಟಿಕೆಟ್ ತೆಗೆಸಿಯೂ ಆಗಿತ್ತು.

ಪಟ್ಟದ ಗೊಂಬೆಗಳೆಂದರೆ ಗೇಣುದ್ದದ ರಾಜ, ಗೇಣುದ್ದದ ರಾಣಿ. ರಕ್ತಚಂದನದವು, ಅತ್ತೆಯ ಅತ್ತೆಯ ಕಾಲದವು. ಬೇರೆ ಗೊಂಬೆ ನೂರಿದ್ದರೂ ಇವೆರಡು ಕೂರದಿದ್ದರೆ ಗೊಂಬೆ ಹಬ್ಬವೇ ಇಲ್ಲ. ಪಾಡ್ಯದ ಬೆಳಿಗ್ಗೆ ಸತ್ಯಮೂರ್ತಿ ಅಮ್ಮನನ್ನು ಕರೆತರಲು ದಾದರ್ ಸ್ಟೇಷನ್ನಿಗೆ ಹೋದ ಮೇಲೆ ಸುಮಿತ್ರಾ ಟ್ರಂಕು ತೆರೆದಳು. ಚನ್ನಪಟ್ಟಣದ ಬ್ಯಾಂಡ್‌ಸೆಟ್ ಇತ್ತು, ಶೆಟ್ಟಿ ದಂಪತಿ ಇದ್ದರು, ಮೂಗು ಮುರಿದ ಪೊಲೀಸು ಇದ್ದ. ರಾಜ ರಾಣಿ ಇರಲಿಲ್ಲ.

"ಹೋದ ವರ್ಷ ಟ್ರಂಕಿಗೆ ಗೆದ್ದಲು ಹತ್ತೀತು ಅಂತ ಅವೆರಡನ್ನು ಮಾತ್ರ ಬೇರೆ ಕಡೆ ಜೋಪಾನವಾಗಿ ಇಟ್ಟೆ" ಎಂದಳು ಸುಮಿತ್ರಾ.

"ಎಲ್ಲಿ?" ನಂಜು ಕೇಳಿದ.

"ಬಹಳ ಜೋಪಾನವಾಗಿ."

ಹುಡುಕಾಟ ಶುರುವಾಯಿತು. ಅಕ್ಕಿ ಡ್ರಮ್ಮಿನಲ್ಲಿ ಸತ್ಯಮೂರ್ತಿಯ ಕನ್ನಡಕ ಸಿಕ್ಕಿತು. ಹಪ್ಪಳದ ಡಬ್ಬಿಯಲ್ಲಿ ಅವನ ಹಳೆಯ ರೈಲ್ವೆ ಪಾಸು ಸಿಕ್ಕಿತು. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತ್ತು. ಬೀರುವಿನ ತಳದಲ್ಲಿ ಸಿಕ್ಕಿದ ಹಳೆಯ ವಾರಪತ್ರಿಕೆಯ ಧಾರಾವಾಹಿಯೊಂದನ್ನು ಸುಮಿತ್ರಾ ನಿಂತಲ್ಲೇ ಓದತೊಡಗಿದಳು. ನಾಯಕಿ ಬಾವಿಗೆ ಬೀಳುವಷ್ಟರಲ್ಲಿ ಸರಸಿ ಬಂದು ಪತ್ರಿಕೆ ಮುಚ್ಚಿದಳು.

"ಅಮ್ಮ, ರಾಜ ರಾಣಿ."

"ಹೌದಲ್ವಾ!" ಎಂದು ಸುಮಿತ್ರಾ ನೆಲಕ್ಕೆ ಕುಸಿದಳು. ಕಣ್ಣಲ್ಲಿ ನೀರು ಬಂದಿತ್ತು. "ನಂಜು, ನಿನ್ನನ್ನ ಅಜ್ಜಿ ಕರ್ಕೊಂಡು ಹೋಗ್ತಾರೆ ಕಣೋ."

"ಟೆನ್ಶನ್ ನಕೋ ಅಮ್ಮ. ಅಲ್ಲಿಂದ ಓಡಿ ಬರ್ತೀನಿ. ಟ್ರ್ಯಾಕ್ ಮೇಲೇ ಸೀದಾ ಬಂದ್ರೆ ಆಯ್ತು" ಎಂದ ನಂಜು, ಸೋಫಾದ ಬೆನ್ನಿನ ಮೇಲೆ ನಡೆಯುತ್ತ. ಆದರೆ ಅವನ ದನಿಯೂ ಸ್ವಲ್ಪ ತೆಳ್ಳಗಾಗಿತ್ತು.

ಸರಸಿ ತನ್ನ ಕಪ್ಪು ಚೌಕದ ಮೇಲೆ ನಿಂತು ಯೋಚಿಸಿದಳು. "ಗೊಂಬೆ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ. ನೀನು ಇಡುವಾಗ ನಾನು ಮಲಗಿದ್ದೆ. ಆದರೆ ನೀನು ಇಡ್ತಾ ಕಥೆ ಹೇಳ್ತಿದ್ದೆ. ಅದು ಕೇಳಿಸ್ತು."

"ಹೇಳು, ಹೇಳು!"

ಸರಸಿ ಕಣ್ಣು ಮುಚ್ಚಿ, ಅಮ್ಮನದೇ ಏರಿಳಿತದಲ್ಲಿ ಹೇಳತೊಡಗಿದಳು: "ಒಂದು ಊರಿನಲ್ಲಿ ಒಬ್ಬ ರಾಜ, ಒಬ್ಬಳು ರಾಣಿ. ಒಂಬತ್ತು ದಿನ ಜನ ನೋಡಿ ನೋಡಿ ಅವರಿಗೆ ಮೈಯೆಲ್ಲ ದೃಷ್ಟಿ. ಒಂದು ವರ್ಷ ಮಲಗೋಣ ಅಂತ ಹೊರಟರು. ಚಳಿಬೆಟ್ಟಕ್ಕೆ ಹೋದರು, ಅದು ಗುರ್ ಅಂತ ಬೈತು. ಅಕ್ಕಿಯ ಮರಳುಗಾಡಿಗೆ ಹೋದರು, ಅಲ್ಲಿ ಹುಳಗಳ ದಂಡಯಾತ್ರೆ ನಡೀತಿತ್ತು. ಕೊನೆಗೆ ತಾತನ ಹಾಡುವ ಅರಮನೆಗೆ ಬಂದರು. ಅರಮನೆಗೆ ಹಾಡು ಮರೆತುಹೋಗಿತ್ತು, ಹೊಟ್ಟೆ ಖಾಲಿ. ಇಲ್ಲಾದರೆ ಯಾರೂ ಎಬ್ಬಿಸಲ್ಲ ಅಂತ ಒಳಗೆ ಮಲಗಿದರು. ಹಿತ್ತಲ ಬಾಗಿಲಿಗೆ ಬೀಗ ಇರಲಿಲ್ಲ. ಆಗ ಒಬ್ಬ ಸಿಪಾಯಿಯ ಕಾಲಿನಿಂದ ಒಂದು ಹಾವು ಹರಿದು ಬಂದು ಬಾಗಿಲು ಸುತ್ತಿಕೊಂಡು ಕಾವಲು ನಿಂತಿತು."

"ಎಷ್ಟು ಚೆನ್ನಾಗಿದೆ!" ಎಂದಳು ಸುಮಿತ್ರಾ. "ಯಾರು ಕಟ್ಟಿದ್ದು?"

"ನೀನೇ."

ಅಷ್ಟರಲ್ಲಿ ನಂಜು ಮನೆಯಿಡೀ ಒಂದು ಸುತ್ತು ಓಡಿ ಬಂದಿದ್ದ. ಅಮ್ಮನ ತಲೆ ಎಲ್ಲಿಂದ ಎಲ್ಲಿಗೆ ಹಾರುತ್ತದೆಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ. ಅವನದೂ ಅದೇ ದಾರಿಯಲ್ಲಿ ಹಾರುತ್ತಿತ್ತು. ಫ್ರಿಜ್ಜನ್ನು ತಟ್ಟಿ "ಚಳಿಬೆಟ್ಟ!" ಎಂದ. ಅಕ್ಕಿ ಡ್ರಮ್ಮನ್ನು ತಟ್ಟಿ "ಮರಳುಗಾಡು!" ಎಂದ. ಹಾಲ್‌ನ ಮೂಲೆಗೆ ಬಂದವನು ಗಕ್ಕನೆ ನಿಂತ. ಅಲ್ಲಿ ಗೋಡೆಯ ಮೇಲೆ ಒಂದು ಚೌಕದ ಗುರುತು ಮಾತ್ರ ಇತ್ತು.

"ತಾತನ ರೇಡಿಯೋ! ರಿಪೇರಿಯವನು ಹೊಟ್ಟೆ ಖಾಲಿ ಮಾಡಿದ್ನಲ್ಲ, ಅದೇ! ಅಮ್ಮ, ರೇಡಿಯೋ ಕುಠೇ ಆಹೇ? ಎಲ್ಲಿದೆ?"

ಸುಮಿತ್ರಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಶ್ರಾವಣದಲ್ಲಿ ನಾಗವ್ವ ಬಂದು, "ಒಂದು ಗಟ್ಟಿ ಮಣೆ ಇದ್ರ ಕೊಡವಾ ತಂಗಿ" ಎಂದು ಕೇಳಿದಾಗ, ಒಂದು ಕಾಲು ಬಚ್ಚಲಲ್ಲಿ ಒಂದು ಕಾಲು ಹೊರಗಿಟ್ಟು, "ಆ ರೇಡಿಯೋ ಡಬ್ಬ ತಗೊಂಡು ಹೋಗಿ" ಎಂದಿದ್ದಳು.

ಮೂವರೂ ಮೆಟ್ಟಿಲಿಳಿದು ಓಡಿದರು. ಒಲೆಯ ಮೇಲೆ ಹಾಲಿತ್ತು.

ನಾಗವ್ವನ ಮನೆಯಲ್ಲಿ ಊದುಬತ್ತಿಯ ಹೊಗೆ ತುಂಬಿತ್ತು. ಗೋಡೆಯ ಹತ್ತಿರ ಇಟ್ಟ ತಾತನ ರೇಡಿಯೋದ ಮೇಲೆ ಎಲೆ ಹಾಸಿ, ಎಲೆಯ ಮೇಲೆ ಮಣ್ಣು ಹರವಿ ಐದು ಧಾನ್ಯ ಬಿತ್ತಿ, ನಡುವೆ ತೆಂಗಿನಕಾಯಿಯ ಘಟ ಕೂರಿಸಿ, ಪಕ್ಕದಲ್ಲಿ ದೀಪ ಹಚ್ಚಿ ಆಗಲೇ ಮುಗಿದಿತ್ತು.

"ಬಾರವಾ ಸುಮಿತ್ರವ್ವ. ಮುಂಜಾನಿಂದ ನಿಮ್ಮ ಮನ್ಯಾಗ ಗೋದಾಮು ಉರುಳಿಧಂಗ ಸಪ್ಪಳ ಬರಾಕತ್ತಿತ್ತು. ಏನ ಹುಡುಕಾಕತ್ತೀರಿ?"

"ನಾಗವ್ವಾರೆ, ಆ ರೇಡಿಯೋದ ಒಳಗೆ ನಮ್ಮ ರಾಜ ರಾಣಿ ಇದ್ದಾರೆ!"

"ಅಯ್ಯs! ಎತ್ತಿಕೊಂಡು ಬರೂ ಮುಂದ ಒಳಗ ಗುಡುಗುಡು ಅಂತಿತ್ತು. ರೇಡಿಯೋದ ಕರುಳ ಉಳದಿರಬೇಕು ಅಂತ ನಾ ಸುಮ್ಮನಾದೆ."

"ಒಂದೇ ಒಂದು ನಿಮಿಷ ಈ ಘಟ ಕೆಳಗಿಟ್ಟರೆ…"

ನಾಗವ್ವ ಸೆರಗು ಬಿಗಿದು ರೇಡಿಯೋಕ್ಕೆ ಅಡ್ಡ ನಿಂತಳು. "ಘಟಾ ಕುಂದರಿಸಿದ ಮ್ಯಾಗ ಒಂಬತ್ತು ದಿನ ಅಲುಗಿಸೂ ಹಂಗಿಲ್ಲ. ದೀಪ ಆರಂಗಿಲ್ಲ. ಬೇಕಾರ ಈ ಬಿಲ್ಡಿಂಗ ಸರಸ್ರಿ, ರೇಡಿಯೋ ಸರಸಬ್ಯಾಡ್ರಿ."

"ನಮ್ಮ ಗೊಂಬೆ ಇವತ್ತೇ ರಾಹುಕಾಲಕ್ಕೆ ಮುಂಚೆ ಕೂರಬೇಕು. ಇಲ್ಲದಿದ್ದರೆ ನಂಜುನ ಅತ್ತೆ ಕರ್ಕೊಂಡು ಹೋಗ್ತಾರೆ."

ನಾಗವ್ವ ನಂಜುವಿನ ಕಡೆ ನೋಡಿದಳು. ದಿನಾ ಅವಳ ಬಾಗಿಲ ಗಂಟೆ ಬಾರಿಸಿ ಓಡಿಹೋಗುವವನು ಅವನೇ. ಆದರೂ ಅವಳ ಮುಖ ಸಪ್ಪಗಾಯಿತು. "ಹಿಂದ ಗ್ವಾಡಿಗೆ ಒಂದು ಕೈ ಸಂದಿ ಐತಿ. ಸಣ್ಣ ಕೈ ಹೋದ್ರ ಹೋಗಬೌದು. ಆದ್ರ ರೇಡಿಯೋ ಕೂದಲೆಳಿಯಷ್ಟೂ ಅಲುಗಬಾರದು ನೋಡ್ರಿ."

ಮೂವರ ಕಣ್ಣೂ ನಂಜುವಿನ ಕೈಯ ಮೇಲೆ ಬಿದ್ದವು. ಆ ಕೈ ಆಗಲೇ ಕ್ಯಾಲೆಂಡರಿನ ಮೊಳೆ ಕೀಳುತ್ತಿತ್ತು. ಸರಸಿಯ ಕೈಯೂ ಸಣ್ಣದೇ, ಅಲುಗುವುದೂ ಇಲ್ಲ. ಆದರೆ ಸಂದಿಯಲ್ಲಿ ಜೇಡರಬಲೆಯಿತ್ತು. ಜೇಡರಬಲೆ ಮುಟ್ಟುವುದಕ್ಕಿಂತ ಅವಳು ಸಾರನ್ನಾದರೂ ತಿಂದಾಳು.

ನಂಜು ನೆಲದ ಮೇಲೆ ಬೋರಲು ಮಲಗಿ ಸಂದಿಗೆ ಕೈ ತೂರಿಸಿದ. ದೀಪದ ಕುಡಿ ಒಮ್ಮೆ ನಡುಗಿತು. ನಾಗವ್ವ ಕಣ್ಣು ಮುಚ್ಚಿ "ಅಂಬಾಬಾಯಿ ತಾಯಿ" ಎಂದಳು.

"ಹಾವು ಸಿಕ್ತು!" ಎಂದ ನಂಜು. "ಏ ಅಮ್ಮ, ಇದು ನನ್ನ ಶೂ ಲೇಸ್! ಹೋದ ವರ್ಷದಿಂದ ಹುಡುಕ್ತಿದ್ದೀನಿ!" ಪಾಪ, ಒಂದು ವರ್ಷದಿಂದ ಅವನು ಎಡಗಾಲಿನ ಶೂಗೆ ಗೋಣಿದಾರ ಕಟ್ಟಿಕೊಂಡು ಸ್ಕೂಲಿಗೆ ಹೋಗುತ್ತಿದ್ದ.

"ಅಲುಗಬೇಡ" ಎಂದಳು ಸರಸಿ. "ಅಮ್ಮ ಯಾವಾಗಲೂ ಗಂಟಿನ ಎಡಗಿವಿ ಉದ್ದ ಬಿಡ್ತಾಳೆ. ಅದನ್ನ ಎಳಿ. ಮೆಲ್ಲಗೆ."

"ಮೆಲ್ಲಗೆ ಆಗಲ್ಲ, ಕಾಲಿಗೆ ಕಚಗುಳಿ ಆಗ್ತಿದೆ." ಅವನ ಕಾಲುಗಳು ನೆಲದ ಮೇಲೆ ಈಜತೊಡಗಿದವು. ತೆಂಗಿನಕಾಯಿ ತಲೆದೂಗಿತು.

ಸುಮಿತ್ರಾ ಅವನ ಪಕ್ಕದಲ್ಲಿ ತಾನೂ ಬೋರಲಾಗಿ ಮಲಗಿ ಶುರು ಮಾಡಿದಳು. "ಆ ರಾಜ ರಾಣಿ ಅರಮನೆಯಲ್ಲಿ ಮಲಗಿದ್ದರಾ? ಒಂದು ದಿನ ಗೋಡೆಯ ಕಡೆಯಿಂದ ಐದು ಜನ ಬಂದರು. ಹೆಬ್ಬೆಟ್ಟಪ್ಪ, ತೋರಪ್ಪ, ಮಧ್ಯಪ್ಪ, ಉಂಗುರಪ್ಪ, ಕಿರಿಯಪ್ಪ. ಐವರೂ ಅಣ್ಣತಮ್ಮಂದಿರು, ಐವರೂ ಕಳ್ಳರು. ಅರಮನೆಯ ಮೇಲೆ ದೇವಿ ಕೂತಿದ್ದಾಳೆ, ಅವಳಿಗೆ ಎಚ್ಚರ ಆದರೆ ಕಥೆ ಮುಗೀತು…"

ಈಜುತ್ತಿದ್ದ ಕಾಲುಗಳು ನಿಂತವು. ನಂಜು ಬಾಯಿ ತೆರೆದು ಕೇಳುತ್ತಿದ್ದ, ಒಳಗೆ ಐವರು ಕಳ್ಳರು ಒಬ್ಬರ ಹಿಂದೊಬ್ಬರು ಹೆಜ್ಜೆಯಿಟ್ಟರು. ಗಂಟು ಬಿಚ್ಚಿತು. ಹಿಂಬದಿಯ ರಟ್ಟಿನ ಮುಚ್ಚಳ ಸರಿಯಿತು. ರಾಜನ ಕಿರೀಟ ಸಂದಿಯಲ್ಲಿ ಇಣುಕಿತು, ಆಮೇಲೆ ಮೀಸೆ, ಆಮೇಲೆ ಹೊಟ್ಟೆ. ಸರಸಿ ಲಂಗದ ತುದಿಯಿಂದ ಅವನನ್ನು ಹಿಡಿದುಕೊಂಡಳು.

"ಈಗ ರಾಣಿಯ ಸರದಿ. ಕಿರಿಯಪ್ಪ ಅವಳ ಸೆರಗು ಹಿಡಿದ. ಅಷ್ಟರಲ್ಲಿ… ಅಷ್ಟರಲ್ಲಿ…"

ಸುಮಿತ್ರಾಳ ಮೂಗು ಅರಳಿತು. ಮೆಟ್ಟಿಲ ಕಡೆಯಿಂದ ಸುಟ್ಟ ಹಾಲಿನ ವಾಸನೆ. ಕಥೆ ಅಲ್ಲಿಗೇ ಆರಿಹೋಯಿತು.

"ಅಷ್ಟರಲ್ಲಿ ಅತ್ತೆ ಬಂದರು" ಎಂದಿತು ಬಾಗಿಲಿನಿಂದೊಂದು ದನಿ.

ಪುಟ್ಟಲಕ್ಷ್ಮಮ್ಮ ನಿಂತಿದ್ದರು. ಹಿಂದೆ ಎರಡು ಬ್ಯಾಗು, ಒಂದು ಹೋಲ್ಡಾಲಿನ ನಡುವೆ ಸತ್ಯಮೂರ್ತಿ. "ಬಾಗಿಲು ಹಾರು ಹೊಡೆದಿದೆ. ಹಾಲು ಇದ್ದಲಾಗಿದೆ. ನೀನು ಇಲ್ಲಿ ಊರವರ ಮನೇಲಿ ಅಡ್ಡಡ್ಡ ಮಲಗಿದ್ದೀಯ. ಅದು… ಅದು ನಿಮ್ಮ ಮಾವನವರ ರೇಡಿಯೋ ಅಲ್ವೇನೆ?"

"ಸ್ಟವ್ ಆರಿಸಿದೆ" ಎಂದ ಸತ್ಯಮೂರ್ತಿ, ಯಾರಿಗೆಂದಿಲ್ಲದೆ.

ಕಥೆ ನಿಂತದ್ದೇ ತಡ, ನಂಜುವಿನ ಕಾಲುಗಳು ಮತ್ತೆ ಈಜಿದವು. ಘಟ ಓಲಾಡಿತು. ನಾಗವ್ವ ಕಿರುಚಿದಳು: "ಯವ್ವಾ ಮೈಸೂರಮ್ಮಾ, ಬೈಯೂದು ಆಮ್ಯಾಗ ಬೈರಿ! ಮೊದಲ ಈ ಹುಡುಗಗ ಒಂದು ಕಥಿ ಹೇಳ್ರಿ! ಕಥಿ ನಿಂತ್ರ ನನ್ನ ಘಟಾ ಬೀಳತೈತಿ!"

ಸುಮಿತ್ರಾಳ ನಾಲಿಗೆ ಒಣಗಿಹೋಗಿತ್ತು. ಓಲಾಡುವ ಘಟದ ಎದುರು ಪುಟ್ಟಲಕ್ಷ್ಮಮ್ಮ ಬೈಯುವುದನ್ನೂ ಮರೆತು, ಗಂಟಲು ಸರಿಮಾಡಿಕೊಂಡರು.

"ಒಂದು ಊರಲ್ಲಿ ಒಬ್ಬ ರಾಜ ಇದ್ದ. ಅವನು ಬಹಳ ಒಳ್ಳೆಯವನು. ಹೇಳಿದ ಮಾತು ಕೇಳ್ತಿದ್ದ. ಊಟ ಆದ ಮೇಲೆ ತಟ್ಟೆ ಎತ್ತಿಡ್ತಿದ್ದ." ಮುಂದೇನೆಂದು ಹುಡುಕಿದರು. "ಆಮೇಲೆ ಸತ್ತುಹೋದ."

ತೆಂಗಿನಕಾಯಿ ಮತ್ತೊಮ್ಮೆ ತಲೆದೂಗಿತು.

"ಬಸ್?" ಎಂದ ನಂಜು ಸಂದಿಯೊಳಗಿಂದ. "ಅಷ್ಟೇನಾ ಅಜ್ಜಿ?"

"ವಯಸ್ಸಾಗಿತ್ತು ಕಣೋ" ಎಂದರು ಪುಟ್ಟಲಕ್ಷ್ಮಮ್ಮ ಕ್ಷೀಣವಾಗಿ.

ಸರಸಿ ನಕ್ಕುಬಿಟ್ಟಳು. ಅವಳು ನಗುವುದು ಅಪರೂಪ. ಆ ನಗುವಿಗೆ ಸುಮಿತ್ರಾಳ ನಾಲಿಗೆ ಮತ್ತೆ ಹಸಿಯಾಯಿತು.

"ಸತ್ತಿರಲಿಲ್ಲ" ಎಂದಳು ನೆಲದ ಮೇಲಿಂದಲೇ. "ತಟ್ಟೆ ಎತ್ತಿ ಎತ್ತಿ ಸುಸ್ತಾಗಿ ಸತ್ತ ಹಾಗೆ ಮಲಗಿದ್ದ. ರಾಣಿ ಬಂದು ಎಬ್ಬಿಸಬೇಕಾಗಿತ್ತು. ಆದರೆ ರಾಣಿ ಸಿಕ್ಕಿಹಾಕಿಕೊಂಡಿದ್ದಾಳೆ ಅರಮನೆಯಲ್ಲಿ. ಆಗ ಕಿರಿಯಪ್ಪ ಏನು ಮಾಡಿದ ಗೊತ್ತಾ? ಉಸಿರು ಬಿಗಿಹಿಡಿದ…"

ನಂಜು ಉಸಿರು ಬಿಗಿಹಿಡಿದ. ಪುಟ್ಟಲಕ್ಷ್ಮಮ್ಮನೂ ಹಿಡಿದರು. ದೀಪದ ಕುಡಿ ನೆಟ್ಟಗೆ ನಿಂತಿತು. ಕಿರಿಯಪ್ಪ ಒಂದು ಹೆಜ್ಜೆ ಹೋಗುತ್ತಾನೆ, ಹಿಂದೆ ಬರುತ್ತಾನೆ, ದೇವಿಯ ಕಾಲುಂಗುರ ಎಣಿಸುತ್ತಾನೆ, ದೇವಿ ಆಕಳಿಸುತ್ತಾಳೆ. ಬೆಂಚಿನ ಆಸ್‌ಪಾಸ್ ಇರುವ ಹುಡುಗ, ಬರೆದ ಚಿತ್ರದ ಹಾಗೆ ಮಲಗಿದ್ದ. ಅಜ್ಜಿ ಅವನನ್ನು ಅಷ್ಟು ಹೊತ್ತು ಒಂದೇ ಆಕಾರದಲ್ಲಿ ನೋಡಿದ್ದು ಅದೇ ಮೊದಲು.

"…ಆಮೇಲೆ?" ಎಂದರು ಅವರು, ತಡೆಯಲಾರದೆ.

"ಆಮೇಲೆ ರಾಣಿ ಹೊರಗೆ ಬಂದಳು" ಎಂದಳು ಸುಮಿತ್ರಾ. ರಾಣಿ ಹೊರಗೆ ಬಂದಳು. ತಲೆಯ ಮೇಲೆ ಜೇಡರಬಲೆ ಮುಸುಕಿನ ಹಾಗೆ ಕೂತಿತ್ತು. ಸರಸಿ ಚೀರಿ ಎರಡು ಚೌಕ ಹಿಂದೆ ಹಾರಿದಳು.

ರಾಹುಕಾಲಕ್ಕೆ ಮುಂಚೆ ಗೊಂಬೆಗಳು ಮೇಲಿನ ಮನೆಯ ಹಂತಗಳ ಮೇಲೆ ಕೂತವು. ಅತ್ತೆಯೇ ಕೂರಿಸಿದರು, ಬೈಯುತ್ತಲೇ ಕೂರಿಸಿದರು. ಶರತ್ತು ಏನಾಯಿತೆಂದು ಅವರು ಹೇಳಲಿಲ್ಲ, ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ನವರಾತ್ರಿಯುದ್ದಕ್ಕೂ ಸುಮಿತ್ರಾ ಅವರ ಬ್ಯಾಗನ್ನು ನೋಡಿದಾಗಲೆಲ್ಲ ಅದರೊಳಗಿನ ಅರ್ಧ ಟಿಕೆಟ್ ಕಾಣುತ್ತಿತ್ತು. ಹಾಲು ಮಾತ್ರ ಆಮೇಲೆ ಒಂದು ದಿನವೂ ಉಕ್ಕಲಿಲ್ಲ. ಹಾಲರಾಯನ ಕಥೆ ಶುರುವಾಗುತ್ತಲೇ ಅತ್ತೆ ಅಡುಗೆಮನೆಗೆ ಬಂದು ಮಣೆ ಹಾಕಿಕೊಂಡು ಕೂರುತ್ತಿದ್ದರು. ಕಥೆ ಕೇಳುತ್ತ ಕಣ್ಣನ್ನು ಪಾತ್ರೆಯ ಮೇಲಿಡುವುದು ಅವರಿಗೆ ಬರುತ್ತಿತ್ತು.

ದಶಮಿಯ ಸಂಜೆ ರಾಜ ರಾಣಿಯನ್ನು ಮಲಗಿಸುವ ಹೊತ್ತಿಗೆ ಅವರು ಸುಮಿತ್ರಾಳನ್ನು ಕರೆದರು. "ಈ ಸಲ ಎಲ್ಲಿ ಇಡ್ತೀಯೋ, ಅದರ ಕಥೆ ನನ್ನ ಮುಂದೆ ಹೇಳಿ ಇಡು. ಸರಸಿಯೊಬ್ಬಳೇ ಎಷ್ಟು ಅಂತ ನೆನಪಿಟ್ಟುಕೋತಾಳೆ."

ಸುಮಿತ್ರಾ ಹೇಳಿದಳು. ಕಥೆಯಲ್ಲಿ ಒಂದು ಆನೆ ಬಂತು, ಬೊರಿವಲಿಗೆ ಹೋಗುವ ಲೋಕಲ್ ಬಂತು. ಗೊಂಬೆಗಳು ಜೋಪಾನವಾದ ಜಾಗ ಸೇರಿದವು.

ಆಮೇಲೆ ಅತ್ತೆ ಬ್ಯಾಗು ತೆರೆದು ಆ ಅರ್ಧ ಟಿಕೆಟ್ ತೆಗೆದರು.

"ನಾನು ಕರ್ಕೊಂಡು ಹೋದರೆ ಅವನಿಗೆ ಅಲ್ಲಿ ಆ ಸತ್ತ ರಾಜನ ಕಥೆ ಒಂದೇ ಗತಿ" ಎಂದರು, ಅವಳ ಮುಖ ನೋಡದೆ. "ಹಾಗಂತ ಮಾತು ಹಿಂದಕ್ಕೆ ತಗೋಳೋ ಹೆಂಗಸಲ್ಲ ನಾನು. ತಗೋ, ಈ ಟಿಕೆಟ್ ನೀನೇ ಇಟ್ಟುಕೋ. ಜೋಪಾನವಾಗಿ ಇಡು. ಬಹಳ ಜೋಪಾನವಾಗಿ."

ಸುಮಿತ್ರಾ ಟಿಕೆಟ್ ತೆಗೆದುಕೊಂಡು ಅಭ್ಯಾಸಬಲದಿಂದ, "ಒಂದು ಊರಿನಲ್ಲಿ…" ಎಂದು ಬಾಯಿ ತೆರೆದಳು.

"ಬಾಯಿ ಮುಚ್ಚೇ" ಎಂದರು ಅತ್ತೆ. "ಇದಕ್ಕೆ ಕಥೆ ಬೇಡ."

ಹೊರಡುವ ದಿನ ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು. ಅಕ್ಕಿ ಡ್ರಮ್ಮಿನಲ್ಲಿ ಟಿಕೆಟ್ ಇರಲಿಲ್ಲ, ಫ್ರಿಜ್ಜಿನಲ್ಲಿರಲಿಲ್ಲ. ಹಪ್ಪಳದ ಡಬ್ಬಿಯಲ್ಲಿ ಸತ್ಯಮೂರ್ತಿಯ ಕನ್ನಡಕ ಮತ್ತೆ ಸಿಕ್ಕಿತು. ಸುಮಿತ್ರಾ ನಿಜವಾಗಿಯೂ ಹುಡುಕಿದಳು, ನಿಜವಾಗಿಯೂ ಸಿಗಲಿಲ್ಲ. ಸೋಫಾದ ಬೆನ್ನಿನ ಮೇಲೆ ನಂಜು ಅತ್ತಿಂದಿತ್ತ ಓಡಾಡುತ್ತಿದ್ದ.

"ಸರಸಿ, ನೀನಾದರೂ ಹೇಳಮ್ಮ" ಎಂದ ಸತ್ಯಮೂರ್ತಿ ಬೆವರೊರೆಸುತ್ತ. "ಟಿಕೆಟ್ ಎಲ್ಲಿದೆ ಗೊತ್ತಾ?"

ಸುಳ್ಳು ಹೇಳಲು ಬಾರದ ಸರಸಿ ತನ್ನ ಕಪ್ಪು ಚೌಕದ ಮೇಲೆ ನಿಂತು, ಒಮ್ಮೆ ಅಜ್ಜಿಯ ಕಡೆ, ಒಮ್ಮೆ ಅಮ್ಮನ ಕಡೆ ನೋಡಿದಳು.

"ಅದರ ಕಥೆ ಯಾರೂ ಹೇಳಲಿಲ್ಲ" ಎಂದಳು.